ಸದ್ದಿಲ್ಲದ ಟೀವಿ

ಡೋಬಾಶಿ ಆ ಶನಿವಾರ ಸಂಜೆ ಆರರೊಳಗೆ ಮೂರು ಹೆಸರುಗಳನ್ನು ಫೋನಿನಲ್ಲಿ ಬರೆದು ಪಂದ್ಯ ನಡೆಸುವವರಿಗೆ ಕಳಿಸಬೇಕಿತ್ತು. ಯಾರ ಹೆಸರುಗಳು ಎಂಬುದರಲ್ಲಿ ಅನುಮಾನವಿರಲಿಲ್ಲ. ಯಾವ ಕ್ರಮದಲ್ಲಿ ಎಂಬುದಷ್ಟೇ ಬಾಕಿ ಇತ್ತು.

ಮೂವರ ತಂಡದ ಪಂದ್ಯದಲ್ಲಿ ಕ್ರಮ ಬಹಳ ಮುಖ್ಯ. ಮೊದಲನೆಯವರು ಕೂತು ಆಡುತ್ತಾರೆ. ಗೆದ್ದಷ್ಟು ಹೊತ್ತು ಕುರ್ಚಿ ಅವರದೇ. ಎದುರಿಗೆ ಹೊಸಬರು ಬರುತ್ತಲೇ ಇರುತ್ತಾರೆ. ಸೋತರೆ ಎರಡನೆಯವರಿಗೆ ಜಾಗ ಬಿಡಬೇಕು, ಅವರೂ ಸೋತರೆ ಮೂರನೆಯವರು. ಮೂರನೆಯ ಜಾಗಕ್ಕೆ ದಂಡನಾಯಕನ ಜಾಗ ಎನ್ನುತ್ತಾರೆ. ಅಲ್ಲಿ ಕೂತವರು ಸೋತರೆ ತಂಡ ಮನೆಗೆ ಹೋದಂತೆ. ತಂಡದಲ್ಲಿ ಎಲ್ಲರಿಗಿಂತ ಗಟ್ಟಿಯಾದವರನ್ನೇ ಅಲ್ಲಿ ಕೂರಿಸುವುದು ಒಸಾಕಾದ ಆಟಗಾರರಲ್ಲಿ ಹಳೆಯ ವಾಡಿಕೆ. ವರ್ಷಗಳಿಂದ ಆ ಜಾಗ ನನ್ನ ಹೆಂಡತಿ ತಮಾಕಿಯದು. ಎರಡನೆಯವನು ಡೋಬಾಶಿ, ಮೊದಲನೆಯವಳು ಫುವಾ ಎಂಬ ಕಾಲೇಜು ಹುಡುಗಿ.

ನಾನು ಆಡುವವನಲ್ಲ. ಕನ್ನಡಕದ ಗಾಜುಗಳನ್ನು ಪರೀಕ್ಷಿಸುವ ಕಡೆ ಕೆಲಸ ಮಾಡುತ್ತೇನೆ. ಪಂದ್ಯದ ದಿನ ತಮಾಕಿಯ ಚೀಲ ಹೊರುವುದು ನನ್ನ ಪಾಲಿಗೆ ಬಂದ ಕೆಲಸ.

ತೊಂದರೆ ಶುರುವಾದದ್ದು ಒಂದು ಒದೆಯಿಂದ. ಅವರು ಆಡುವುದು ಇಬ್ಬರು ಎದುರುಬದುರಾಗಿ ಹೊಡೆದಾಡುವ ವಿಡಿಯೋ ಆಟ. ಅದರಲ್ಲಿ ಸಾಮಾನ್ಯವಾಗಿ ಕುಕ್ಕರಗಾಲಿನಲ್ಲಿ ಕೂತು ಏಟು ತಡೆಯುತ್ತಾರೆ. ಕೆಲವು ಏಟುಗಳು ಮಾತ್ರ ಮೇಲಿನಿಂದ ಬೀಳುತ್ತವೆ. ಅವನ್ನು ಎದ್ದು ನಿಂತು ತಡೆಯಬೇಕು. ಡೋಬಾಶಿ ಪರದೆಯ ಮೇಲೆ ಆಡಿಸುವ ಆಟಗಾರ ಕಾಲನ್ನು ತಲೆಯ ಮೇಲೆತ್ತಿ ಕೊಡಲಿಯ ಹಾಗೆ ಇಳಿಸುತ್ತಾನೆ. ಕಾಲು ಏಳುವುದು ಕಂಡ ಕ್ಷಣ ಕೈಯಲ್ಲಿನ ಆಟದ ಸನ್ನೆಕೋಲನ್ನು ಮೇಲಕ್ಕೆ ಬಿಟ್ಟರೆ ಬದುಕು, ತಡವಾದರೆ ಇಲ್ಲ. ತಮಾಕಿ ಆ ಕೊಡಲಿ ಒದೆಯನ್ನು ತಡೆಯುವುದಕ್ಕೇ ಹೆಸರಾಗಿದ್ದವಳು. ಕಳೆದ ಚಳಿಗಾಲದಿಂದ ಅದನ್ನು ತಿನ್ನುತ್ತಲೇ ಇದ್ದಳು.

ಕಾರಣ ಎರಡು ಇರಬಹುದಿತ್ತು. ಅವಳು ಅಭ್ಯಾಸ ಮಾಡುತ್ತಿದ್ದ, ಕಾಸು ಹಾಕಿ ಆಡುವ ಯಂತ್ರಗಳ ಆಟದ ಮಳಿಗೆ ಮುಚ್ಚಿತ್ತು. ಅದಾದ ಮೇಲೆ ಮನೆಯಲ್ಲಿ, ಅವಳ ಅಪ್ಪನ ಕ್ಷೌರದಂಗಡಿಯಿಂದ ಬಂದ ಹಳೆಯ ಟೀವಿಯ ಮುಂದೆ ಕೂತು, ಅಂತರ್ಜಾಲದ ಮೂಲಕ ಡೋಬಾಶಿಯೊಂದಿಗೆ ಆಡುತ್ತಿದ್ದಳು. ಟೀವಿ ಎಂಬುದು ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ತಿದ್ದಿ, ತೀಡಿ, ಹಿಗ್ಗಿಸಿ ಆಮೇಲೆ ತೋರಿಸುತ್ತದೆ. ವಾರ್ತೆ ನೋಡುವವರಿಗೆ ಆ ತಡ ಲೆಕ್ಕಕ್ಕಿಲ್ಲ, ಕೊಡಲಿ ಒದೆ ತಡೆಯುವವರಿಗೆ ಅದೇ ಜೀವ. ಫೋನಿನ ನಿಧಾನ ಚಿತ್ರದಲ್ಲಿ ಅವಳ ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಹಿಡಿದು ನಾನು ನೋಡಿದ್ದೆ. ಕ್ಷೌರದಂಗಡಿಯ ಟೀವಿ ನಿಜಕ್ಕೂ ಮಂದವಾಗಿತ್ತು. ಆದರೆ ನನ್ನ ಅಳತೆ ಟೀವಿಯ ಬಗ್ಗೆ ಹೇಳುತ್ತಿತ್ತೇ ಹೊರತು ತಮಾಕಿಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಎರಡನೆಯ ಕಾರಣ ಏನೆಂದು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಅವಳಿಗೆ ನಲವತ್ತು ಹತ್ತಿರವಾಗಿತ್ತು.

ಆವತ್ತು ಬೆಳಿಗ್ಗೆ ಮಿಸೊ ಸಾರು ಬಡಿಸುತ್ತ ಅವಳು ಹೇಳಿದ್ದಳು: "ಇವತ್ತು ಹೊಸ ಟೀವಿ ತಗೊಳ್ಳೋಣ. ಅಂಗಡಿಯಲ್ಲೇ ಡೋಬಾಶಿ ಒದೀಲಿ, ನಾನು ತಡೀತೀನಿ. ತಡೆದ್ರೆ ದಂಡನಾಯಕಿ ನಾನೇ. ಇಲ್ಲಾಂದ್ರೆ ಫುವಾನ ಕೂರಿಸ್ಲಿ, ನಾನು ಈ ಆಟಾನೇ ಬಿಡ್ತೀನಿ."

"ಜಾಗ ಬದಲಾಯ್ಸಿದ್ರೆ ಸಾಲದಾ? ಬಿಡೋದು ಯಾಕೆ?"

"ಕೊನೇ ಕುರ್ಚಿಯಿಂದ ಇಳಿಸಿದ್ಮೇಲೆ ಅಲ್ಲೇ ಸುತ್ತಾಡ್ಕೊಂಡಿರೋರನ್ನ ನೀನು ನೋಡಿದ್ದೀಯಾ ಕುನಿ? ನಾನು ನೋಡಿದ್ದೀನಿ."

ಕೃತಕ ಹಲ್ಲಿನ ಅಚ್ಚು ಕಡೆಯುವ ಕೆಲಸ ಅವಳದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ಹಲ್ಲು ಬಾಯಲ್ಲಿ ಕೂರುವುದಿಲ್ಲ. ಕೈ ಮಂದವಾಗಿದೆ ಎಂಬ ಮಾತು ಅವಳಿಗೆ ಆಟಕ್ಕಷ್ಟೇ ಸೇರಿದ್ದಾಗಿರಲಿಲ್ಲ.

ನಿಪ್ಪೊಂಬಾಶಿ ಪೇಟೆಯ ಒಂದು ಹಳೆ ಸಾಮಾನಿನ ಅಂಗಡಿಯ ಎರಡನೇ ಮಹಡಿಯಲ್ಲಿ ಟೀವಿಗಳನ್ನು ಪುಸ್ತಕದಂತೆ ಒತ್ತೊತ್ತಾಗಿ ನಿಲ್ಲಿಸಿದ್ದರು. ಕೊನೆಯಲ್ಲಿ ಒಂದು ಮೇಜು. ಗಿರಾಕಿಗಳು ತಮ್ಮ ಯಂತ್ರ ತಂದು ಜೋಡಿಸಿ ನೋಡಬಹುದಿತ್ತು. ಡೋಬಾಶಿ ಆಗಲೇ ಅಲ್ಲಿ ಕೂತು ಹಂದಿಮಾಂಸದ ಬಿಸಿ ಬನ್ನು ತಿನ್ನುತ್ತಿದ್ದ. ಅವನದು ದೊಡ್ಡ ಮೈ, ಅದಕ್ಕಿಂತ ದೊಡ್ಡ ಬಾಯಿ. ಲಾರಿಗೆ ಸಾಮಾನು ತುಂಬಿಸುವ ಗೋದಾಮಿನಲ್ಲಿ ಕೆಲಸ.

"ಬಂದ್ರಾ ಅಳತೆ ಮೇಷ್ಟ್ರು! ಅಕ್ಕಾ, ನಿನ್ ಗಂಡ ಅಳತೆಪಟ್ಟಿನೂ ತಂದಿದ್ದಾನಲ್ಲ."

"ನಮ್ಮನೆ ಗೂಡಿಗೆ ಹಿಡೀಬೇಕಲ್ಲ," ಎಂದೆ. ಬಟ್ಟೆಯ ಕಪಾಟಿಗೂ ಕಿಟಕಿಯ ಕಂಬಕ್ಕೂ ನಡುವೆ ಇಪ್ಪತ್ತನಾಲ್ಕು ಇಂಚಿನದು ಮಾತ್ರ ಕೂರುತ್ತಿತ್ತು.

"ಮೊದ್ಲು ಕೈ ಒರೆಸ್ಕೊ," ಎಂದಳು ತಮಾಕಿ. "ಆ ಎಣ್ಣೆ ಕೈಯಲ್ಲಿ ಗುಂಡಿ ಮುಟ್ಟಿದ್ರೆ ಕೊಲ್ತೀನಿ."

"ಎಣ್ಣೆ ಇದ್ರೆ ಒದೆ ಜಾರ್‍ಕೊಂಡು ಬರುತ್ತೆ ಅಕ್ಕಾ. ನಿನಗೇ ಅನುಕೂಲ."

ಅವಳು ನಗಲಿಲ್ಲ. ಡೋಬಾಶಿ ಕೈ ಒರೆಸಿಕೊಂಡ. ಅವನ ಫೋನು ಮೇಜಿನ ಮೇಲೆ ತೆರೆದೇ ಇತ್ತು. ಪಂದ್ಯದವರ ಪುಟದಲ್ಲಿ ಮೂರು ಖಾಲಿ ಜಾಗಗಳು.

ಮೊದಲು ತೆಗೆದದ್ದು ಹೊಳೆಯುವ ಅಂಚಿನ ಟೀವಿ. ಮಾರುವ ಹುಡುಗ, ಕಿವಿಗೆ ಮೂರು ಓಲೆ ಚುಚ್ಚಿಸಿಕೊಂಡಿದ್ದವನು, ಅದನ್ನು ಬಾಯಿತುಂಬ ಹೊಗಳಿದ. "ಬಣ್ಣ ನೋಡಿ ಅಣ್ಣಾ, ಮೀನಿನ ಅಂಗಡಿ ಜಾಹೀರಾತು ಬಂದ್ರೆ ಬಾಯಲ್ಲಿ ನೀರು ಬರುತ್ತೆ. ಆಟಕ್ಕೇ ಅಂತ ಬೇರೆ ವ್ಯವಸ್ಥೆನೂ ಇದೆ, ಗೇಮ್ ಮೋಡ್." ಚೀಟಿಯಲ್ಲಿ ಹೈ ಡೆಫಿನಿಷನ್ ಎಂದು ದೊಡ್ಡದಾಗಿ ಬರೆದಿತ್ತು. ಅಷ್ಟನ್ನೇ ನಂಬುವ ಹಾಗಿರಲಿಲ್ಲ. ಇಷ್ಟು ಚಿಕ್ಕ ಟೀವಿಗಳಲ್ಲಿ ಹೆಚ್ಚಿನವಕ್ಕೆ ಚಿತ್ರ ಮೂಡಿಸುವ ಪೂರ್ತಿ ಚುಕ್ಕಿಗಳಿರುವುದಿಲ್ಲ. ಆಟದ ಯಂತ್ರ ಕಳಿಸುವ ದೊಡ್ಡ ಚಿತ್ರವನ್ನು ಅವು ಕುಗ್ಗಿಸಿ ತೋರಿಸಬೇಕು, ಕುಗ್ಗಿಸಲು ಹೊತ್ತು ಬೇಕು.

ಸದ್ದನ್ನು ಆಟದ ಮಳಿಗೆಯಷ್ಟು ಏರಿಸಿ ಇಬ್ಬರೂ ಅಕ್ಕಪಕ್ಕ ಕೂತರು. ಡೋಬಾಶಿ ಹಿಂದೆ ಮುಂದೆ ನಡೆದ, ಕೆಳಗೊಂದು ಗುದ್ದಿದ, ಕಾಯಿಸಿದ, ಕಾಲೆತ್ತಿದ. ತಮಾಕಿಯ ಆಟಗಾರ್ತಿಯ ನೆತ್ತಿಗೆ ಒದೆ ಬಿತ್ತು. ಮತ್ತೆ ಕಾಯಿಸಿದ. ಮತ್ತೆ ಬಿತ್ತು.

"ಟೀವಿ," ಎಂದಳು ಅವಳು.

ನಾನು ಫೋನಿನಲ್ಲಿ ಹಿಡಿದದ್ದನ್ನು ನಿಧಾನವಾಗಿ ಓಡಿಸಿ ನೋಡಿದೆ. "ಹೌದು, ಇದು ಮಂದ. ಮನೇದಕ್ಕಿಂತ ಸ್ವಲ್ಪ ವಾಸಿ, ಅಷ್ಟೆ."

ಎರಡನೆಯದು ಇನ್ನೂ ಚಿಕ್ಕದು, ಅಡುಗೆಮನೆಯಲ್ಲಿಡುವಂಥದ್ದು. ಅದರಲ್ಲಿ ಕೆಲವು ಒದೆಗಳನ್ನು ತಡೆದಳು, ಹಲವನ್ನು ತಿಂದಳು. ತಡೆದದ್ದೂ ಕಂಡು ತಡೆದದ್ದಲ್ಲ, ಊಹಿಸಿ ಎದ್ದದ್ದು. ಡೋಬಾಶಿ ಅದನ್ನು ಅರಿತು ಎದ್ದಾಗ ಕಾಲಿಗೆ ಹೊಡೆಯತೊಡಗಿದ. ಅವಳ ಕಿವಿಯ ತುದಿ ಕೆಂಪಾಯಿತು.

"ಊಹೆ ಮಾಡ್ತಿದ್ದೀಯ ಅಕ್ಕಾ."

"ಗೊತ್ತು. ಬಾಯಿ ಮುಚ್ಚು."

ಮಾರುವ ಹುಡುಗ ಕೈಕಟ್ಟಿ ನಿಂತಿದ್ದ. "ಅಣ್ಣಾ, ನೀವು ಟೀವಿ ತಗೊಳ್ತಿದ್ದೀರಾ, ಇಲ್ಲಾ ಅದಕ್ಕೆ ಹೆಣ್ಣು ಕೊಡ್ತಿದ್ದೀರಾ? ಇಷ್ಟು ವಿಚಾರಣೆ ನನ್ ಮದುವೇಲೂ ಆಗ್ಲಿಲ್ಲ."

ಡೋಬಾಶಿ ಜೋರಾಗಿ ನಕ್ಕ. ನಗುವಾಗಲೂ ಅವನ ಕಣ್ಣು ಗೋಡೆ ಗಡಿಯಾರದ ಮೇಲೆ ಹೋಯಿತು. ಆರಕ್ಕೆ ಬಹಳ ಹೊತ್ತಿರಲಿಲ್ಲ.

ನಾನು ಸಾಲಿನ ಹಿಂದೆ ಬಗ್ಗಿ ಒಂದೊಂದರ ಬೆನ್ನಿನ ಚೀಟಿ ಓದುತ್ತ ಹೋದೆ. ಕಿಟಕಿಯ ಕೆಳಗೆ, ಅಂಚಿಗೆ ಗೀರು ಬಿದ್ದ ಒಂದು ಟೀವಿ ಮುಖ ಗೋಡೆಗೆ ಮಾಡಿ ನಿಂತಿತ್ತು. ವಾರದ ಬಾಡಿಗೆಗೆ ಕೊಡುವ ಕೋಣೆಗಳಿಂದ ಬಂದದ್ದಿರಬೇಕು, ಕೋಣೆಯ ಸಂಖ್ಯೆ ಇನ್ನೂ ಅಂಟಿಕೊಂಡಿತ್ತು. ಇಪ್ಪತ್ತನಾಲ್ಕು ಇಂಚು, ಪೂರ್ತಿ ಚುಕ್ಕಿಗಳು. ಬೆಲೆ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ.

"ಅದಕ್ಕೆ ರಿಮೋಟ್ ಇಲ್ಲ ಅಣ್ಣಾ," ಎಂದ ಹುಡುಗ. "ಅದಕ್ಕೇ ಅಗ್ಗ. ಸದ್ದೂ ಬರಲ್ಲ. ಹಿಂದಿನವರು ಮ್ಯೂಟ್ ಮಾಡಿಟ್ಟಿದ್ದಾರೆ, ರಿಮೋಟ್ ಇಲ್ದೆ ತೆಗೆಯೋಕಾಗಲ್ಲ. ಬೇರೆ ರಿಮೋಟ್ ಹೊಂದಿಸ್ಕೋಬಹುದು, ಅದು ನಿಮಗೆ ಬಿಟ್ಟಿದ್ದು."

ಜೋಡಿಸಿದೆವು. ಸದ್ದಿಲ್ಲದೆ ಚಿತ್ರ ಬಂತು. ಯಾರೋ ಹಳೆಯ ಬಾಡಿಗೆದಾರ ಅದನ್ನು ತಿದ್ದುತೀಡುವಿಕೆ ಕಡಿಮೆಯಿರುವ ಆಟದ ವ್ಯವಸ್ಥೆಯಲ್ಲೇ ಬಿಟ್ಟು ಹೋಗಿದ್ದ. ಫೋನಿನಲ್ಲಿ ನೋಡಿದರೆ, ತಮಾಕಿಯ ಬೆರಳು ಗುಂಡಿಗೆ ತಾಗುವುದಕ್ಕೂ ಪರದೆಯ ಮೇಲೆ ಕೈ ಏಳುವುದಕ್ಕೂ ನಡುವಿನ ತಡ ಮನೆಯದರ ಅರ್ಧಕ್ಕಿಂತ ಕಡಿಮೆ. ನಾನು ಎರಡು ಸಲ ನೋಡಿದೆ.

"ಇದು ಒಳ್ಳೇದು," ಎಂದೆ. "ನಿಜಕ್ಕೂ ಒಳ್ಳೇದು."

"ಒದಿ," ಎಂದಳು ತಮಾಕಿ.

ಡೋಬಾಶಿ ಕಾಯಿಸಿದ. ಕಾಲೆತ್ತಿದ. ಅವಳ ಆಟಗಾರ್ತಿ ಎದ್ದು ತಡೆದಳು.

ಮತ್ತೆ ಕಾಯಿಸಿದ, ಈ ಸಲ ಬಹಳ ಹೊತ್ತು. ಕಾಲೆತ್ತಿದ. ತಡೆದಳು. ಕೆಳಗೆ ಹೊಡೆದ, ಕೂತೇ ತಡೆದಳು. ಕಾಲೆತ್ತಿದ, ತಡೆದಳು. ಊಹೆ ಅಲ್ಲ ಎಂದು ನನ್ನಂಥವನಿಗೂ ತಿಳಿಯುತ್ತಿತ್ತು. ಒದೆ ಬಂದಾಗ ಮಾತ್ರ ಏಳುತ್ತಿದ್ದಳು. ಅವಳ ಬೆನ್ನು ನೆಟ್ಟಗಾಯಿತು. ಆಟದ ಮಳಿಗೆಯಲ್ಲಿ, ಹಿಂದೆ ಜನ ನಿಂತು ನೋಡುತ್ತಿದ್ದಾಗ ಅವಳು ಕೂರುತ್ತಿದ್ದ ರೀತಿ ಅದು.

"ನೋಡಿದ್ಯಾ?" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ನೋಡಿದ್ಯಾ ಕುನಿ? ಕೈ ಅಲ್ಲ. ಟೀವಿ!"

ನನಗೆ ಕೂಗಬೇಕೆನಿಸುವಷ್ಟು ಸಂತೋಷವಾಗಿತ್ತು. ಆದರೆ ಒಂದು ಅಭ್ಯಾಸ ಬಿಡುವುದಿಲ್ಲ. ಫಲ ಬದಲಾದಾಗ, ಯಾವುದನ್ನು ಬದಲಾಯಿಸಿದೆ ಎಂದು ಕೇಳಿಕೊಳ್ಳುತ್ತೇನೆ. ಟೀವಿ ಬದಲಾಗಿತ್ತು. ಜೊತೆಗೆ ಇನ್ನೊಂದು ಬದಲಾಗಿತ್ತು. ಮೊದಲ ಎರಡರಲ್ಲಿ ಏಟಿನ ಸದ್ದು, ಸಂಗೀತ, ಕೂಗು ಮೇಜನ್ನು ನಡುಗಿಸುತ್ತಿದ್ದವು. ಈಗ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನನಗೆ ಡೋಬಾಶಿಯ ಗುಂಡಿಗಳು ಕೇಳಿಸಿದವು. ಕೆಳಗಿನ ಏಟಿಗೆ ಒಂದು ಸಣ್ಣ ಟಕ್. ಕೊಡಲಿ ಒದೆಗೆ ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಅದಕ್ಕೊಂದು ದಪ್ಪ ಟಕ್. ಟಕ್ ಮೊದಲು, ಕಾಲು ಏಳುವುದು ಆಮೇಲೆ.

ಅವಳು ನೋಡಿ ತಡೆಯುತ್ತಿರಲಿಲ್ಲ. ಕೇಳಿ ತಡೆಯುತ್ತಿದ್ದಳು. ಕಣ್ಣಿಗಿಂತ ಕಿವಿಗೆ ಕೈ ಬೇಗ ಸ್ಪಂದಿಸುತ್ತದೆ. ಅದು ಅವಳಿಗೇ ಗೊತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎದುರುಬದುರು ಯಂತ್ರಗಳಲ್ಲಿ, ಕಿವಿಗಡಚಿಕ್ಕುವ ಗದ್ದಲದಲ್ಲಿ ಬೆಳೆದವರು ಇವರು. ಎದುರಾಳಿಯ ಗುಂಡಿ ಕೇಳಿಸುತ್ತದೆ ಎಂಬ ಯೋಚನೆಯೇ ಅವರಿಗೆ ಬರುವುದಿಲ್ಲ. ಪಂದ್ಯದ ದಿನ ಎಲ್ಲರೂ ಕಿವಿ ಮುಚ್ಚುವ ದಪ್ಪ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಅವಳದು ನನ್ನ ಹೆಗಲಿನ ಚೀಲದಲ್ಲೇ ಇತ್ತು.

ಡೋಬಾಶಿ ಫೋನು ಕೈಗೆತ್ತಿಕೊಂಡ. "ಸರಿ ಅಕ್ಕಾ. ಫುವಾ, ನಾನು, ನೀನು. ಬರೀಲಾ?"

"ಬರಿ," ಎಂದಳು ತಮಾಕಿ. ಅವಳ ಮುಖ ಚಳಿಗಾಲದಿಂದೀಚೆಗೆ ನಾನು ಕಾಣದಷ್ಟು ಬೆಳಗಿತ್ತು.

ನಾನು ಸುಮ್ಮನಿರಬಹುದಿತ್ತು. ಟೀವಿ ಹೇಗೂ ಒಳ್ಳೆಯದೇ. ಪಂದ್ಯಕ್ಕಿರುವ ಇನ್ನೆರಡು ವಾರ ಅದರ ಮುಂದೆ ಕೂತರೆ ಕಣ್ಣೂ ಚುರುಕಾಗಬಹುದು ಎಂದು ನನಗೆ ನಾನೇ ವಾದ ಹೂಡಿದೆ. ಆಮೇಲೆ ಪಂದ್ಯದ ದಿನದ ಚಿತ್ರ ಬಂತು. ಇಬ್ಬರೂ ಸೋತು ಎದ್ದಿದ್ದಾರೆ, ಕೊನೆಯ ಕುರ್ಚಿಯಲ್ಲಿ ಇವಳು, ಕಿವಿ ಮುಚ್ಚಿದೆ, ನೆತ್ತಿಯ ಮೇಲೆ ಒಂದಾದ ಮೇಲೊಂದು ಒದೆ, ಹಿಂದೆ ಜನ ನೋಡುತ್ತಿದ್ದಾರೆ. ಕಾರಣ ಗೊತ್ತಿರುವವನು ನಾನೊಬ್ಬ, ಚೀಲ ಹಿಡಿದು ನಿಂತಿದ್ದೇನೆ.

ಚೀಲದಿಂದ ಹೆಡ್‌ಫೋನ್ ತೆಗೆದು ಅವಳ ಮುಂದಿಟ್ಟೆ. "ಇದನ್ನ ಹಾಕ್ಕೊಂಡು ಒಂದ್ಸಲ ಆಡು."

"ಯಾಕೆ?"

"ಡೋಬಾಶಿ ಗುಂಡಿ ಒತ್ತೋದು ಕೇಳಿಸುತ್ತೆ. ಕೊಡಲಿ ಒದೆಗೆ ಬೇರೆ ಸದ್ದು."

ಅವಳು ನನ್ನನ್ನೇ ನೋಡಿದಳು. ಮುಖದ ಬೆಳಕು ಒಮ್ಮೆಲೇ ಹೋಯಿತು. "ನಾನು ಕಳ್ಳಾಟ ಆಡ್ದೆ ಅಂತೀಯಾ?"

"ಹಾಗಲ್ಲ. ನಿನಗೆ ಗೊತ್ತಿಲ್ಲದೆ..."

"ಇಷ್ಟು ದಿನ ಆದ್ಮೇಲೆ ಒಂದ್ಸಲ ತಡೆದೆ. ಒಂದೇ ಒಂದ್ಸಲ! ಅದರ ಬೆನ್ನಿಗೂ ಚೀಟಿ ಇದೆಯಾ ಅಂತ ನೋಡ್ಬೇಕಾ ನೀನು?"

ಮಾರುವ ಹುಡುಗ ಮೆಲ್ಲನೆ ಬೇರೆ ಸಾಲಿಗೆ ಸರಿದುಹೋದ. ತಮಾಕಿ ಡೋಬಾಶಿಯ ಕಡೆ ತಿರುಗಿದಳು. "ನೀನು ಹೇಳು. ನಿನ್ ಗುಂಡಿ ಕೇಳಿ ತಡೆದ್ನಾ ನಾನು?"

ಡೋಬಾಶಿ ಫೋನನ್ನು ಮೇಜಿನ ಮೇಲಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟ. "ಒಂದೆರಡು ಒದೆ ಆದ್ಮೇಲೆ ನನಗೂ ಅನ್ನಿಸ್ತು ಅಕ್ಕಾ."

"ಅನ್ನಿಸಿ?"

"ಅನ್ನಿಸಿ... ಸುಮ್ನಿದ್ದೆ. ನೀನು ಆಟ ಬಿಟ್ಟು ಹೋಗೋದು ನನಗೆ ಬೇಡ."

"ನನ್ ಮೇಲೆ ಕನಿಕರ ಬೇರೆ! ಆ ಬನ್ನನ್ನ ನಿನ್ ಗಂಟಲಿಗೆ ತುರುಕ್ತೀನಿ ನೋಡು." ಹೆಡ್‌ಫೋನ್ ಕಸಿದು ಕಿವಿಗೆ ಹಾಕಿಕೊಂಡು, ತಂತಿಯನ್ನು ತಾನೇ ಆಟದ ಯಂತ್ರಕ್ಕೆ ಚುಚ್ಚಿದಳು. "ಒದಿ. ಮೊದಲಿನ ಹಾಗೇ ಒದಿ. ಮೆತ್ತಗೆ ಒದ್ರೆ ಗೊತ್ತಾಗುತ್ತೆ ನಂಗೆ."

ಡೋಬಾಶಿ ಮೆತ್ತಗೆ ಒದೆಯಲಿಲ್ಲ. ಮೊದಲನೆಯದು ನೆತ್ತಿಗೆ ಬಿತ್ತು. ಎರಡನೆಯದೂ. ಮೂರನೆಯದನ್ನು ತಡೆದಳು, ಮುಂದಿನದು ಮತ್ತೆ ಬಿತ್ತು. ಕ್ಷೌರದಂಗಡಿಯ ಟೀವಿಗಿಂತ ವಾಸಿ, ಆಟದ ಮಳಿಗೆಯ ದಿನಗಳ ಹತ್ತಿರಕ್ಕೂ ಇಲ್ಲ. ಎರಡು ಕಾರಣಗಳೂ ನಿಜವಾಗಿದ್ದವು. ಟೀವಿ ತನ್ನ ಪಾಲನ್ನು ತಿಂದಿತ್ತು, ವಯಸ್ಸು ತನ್ನದನ್ನು.

ಅವಳು ಗುಂಡಿಗಳ ಮೇಲಿಂದ ಕೈ ತೆಗೆಯಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಎದ್ದು ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ಪರೀಕ್ಷೆ ಸಾಕು," ಎಂದಳು. ಕಿವಿ ಮುಚ್ಚಿದ್ದರಿಂದ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಆಟ ಆಡೋಣ. ನಿಜವಾದ್ದು."

ಆಟ ಶುರುವಾಯಿತು. ಅವಳು ಕೂತು ತಡೆಯಲೇ ಇಲ್ಲ. ಕಾಯುವುದರಲ್ಲೇ ಹೆಸರು ಮಾಡಿದವಳು ಮೊದಲ ಕ್ಷಣಕ್ಕೇ ಮುಂದೆ ನುಗ್ಗಿದಳು. ಡೋಬಾಶಿ ಕಾಲೆತ್ತಲು ಬೇಕಾದ ಅಂತರವನ್ನೇ ಕೊಡದೆ ಮೈಗೆ ಮೈ ತಾಗಿಸಿ ನಿಂತಳು, ಹಿಡಿದೆಸೆದಳು, ಏಳುವಷ್ಟರಲ್ಲಿ ಮತ್ತೆ ಹಿಡಿದಳು. ಅವನು ಗೊಂದಲಗೊಂಡು ಹಿಂದೆ ಹಾರಿದ, ಹಾರಿದಲ್ಲೇ ಏಟು ತಿಂದ. ಮೊದಲ ಆಟ ಅವನಿಗೆ ಏನಾಯಿತೆಂದು ತಿಳಿಯುವ ಮೊದಲೇ ಮುಗಿಯಿತು.

"ಏಯ್, ಏನಿದು?" ಎಂದ ಡೋಬಾಶಿ. "ಯಾರು ನೀನು? ನಮ್ಮಕ್ಕನ್ನ ಏನ್ ಮಾಡ್ದೆ?"

"ಇನ್ನೊಂದು."

ಎರಡನೆಯ ಆಟದಲ್ಲಿ ಅವನು ಎಚ್ಚರವಾಗಿದ್ದ. ಅವಳು ನುಗ್ಗುವ ದಾರಿಯಲ್ಲೇ ಕಾಲು ಚಾಚಿಟ್ಟ. ಅವಳು ನಿಂತಳು, ನಿಂತ ಕೂಡಲೇ ಕೊಡಲಿ ಬಿತ್ತು. ಸೋತಳು. ಮೂರನೆಯದನ್ನೂ ಸೋತಳು, ಇನ್ನೂ ಬೇಗ.

ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ಅವಳು ಪರದೆಯನ್ನೇ ನೋಡುತ್ತ ಕೂತಳು. ಗಡಿಯಾರದ ಕಡೆ ನಾನೇ ನೋಡಿದೆ. ಇನ್ನು ಕೆಲವೇ ನಿಮಿಷ.

"ಮೊದಲ್ನೇ ಆಟದಲ್ಲಿ ನಿನಗೆ ಏನ್ ಅನ್ನಿಸ್ತು?" ಎಂದು ಡೋಬಾಶಿಯನ್ನು ಕೇಳಿದಳು.

"ಕಳ್ಳ ಕಪಾಟಿಂದ ಹೊರಗೆ ಬಂದ ಹಾಗೆ. ಎರಡನೇದ್ರಲ್ಲಿ ಕಪಾಟು ಯಾವ್ದು ಅಂತ ಗೊತ್ತಿತ್ತು."

"ಹ್ಞೂಂ." ಅವಳು ಉಗುರಿನಿಂದ ಮೇಜಿನ ಅಂಚನ್ನು ಕೆರೆದಳು. ಆಮೇಲೆ ಬೇಗಬೇಗ, ನುಂಗಲಾಗದ್ದನ್ನು ನುಂಗುವವರ ಹಾಗೆ ಹೇಳಿದಳು: "ಕೊನೇಲಿ ಕೂತ್ರೆ ಅಷ್ಟು ಹೊತ್ತಿಗೆ ಅವರ ದಂಡನಾಯಕ ಹಿಂದೆ ನಿಂತು ಎಲ್ಲಾ ನೋಡಿರ್ತಾನೆ, ತಾಳ್ಮೆಯಿಂದ ಆಡ್ತಾನೆ. ತಾಳ್ಮೆಗೆ ತಾಳ್ಮೆ ನನ್ ಹತ್ರ ಈಗಿಲ್ಲ. ಮೊದಲ್ನೇ ಕುರ್ಚೀಲಿ ಕೂತ್ರೆ ಎದುರಿಗೆ ಬರೋನು ಹಳೇ ತಮಾಕಿ ಕೂತಿದ್ದಾಳೆ ಅಂದ್ಕೊಂಡು ಬರ್ತಾನೆ. ಒಬ್ಬನ್ನ ತಿಂತೀನಿ. ಅದೃಷ್ಟ ಇದ್ರೆ ಇಬ್ರನ್ನ."

"ಅಂದ್ರೆ?"

"ನನ್ನ ಮೊದಲು ಹಾಕು. ಫುವಾನ ಕೊನೇಗೆ."

ಡೋಬಾಶಿ ಫೋನು ಕೈಗೆ ತೆಗೆದುಕೊಂಡ. "ದಂಡನಾಯಕಿ ಅಲ್ದಿದ್ರೆ ಆಡಲ್ಲ ಅಂದಿದ್ದೆ ನೀನು."

"ಅಂದಿದ್ದೆ. ಈಗ ಬೇರೆ ಹೇಳ್ತಿದ್ದೀನಿ. ಬರಿ, ಹೊತ್ತಾಗುತ್ತೆ."

"ಫುವಾ ಹೆದರ್‍ತಾಳೆ."

"ಹೆದರ್‍ಲಿ. ನಾನೂ ಮೊದಲ ವರ್ಷ ವಾಂತಿ ಮಾಡ್ಕೊಂಡಿದ್ದೆ."

ಅವನು ಬರೆದ. ಕಳಿಸುವ ಮೊದಲು ಅವಳಿಗೆ ತೋರಿಸಿದ. ಅವಳು ಫೋನನ್ನು ಕೈಗೆ ತೆಗೆದುಕೊಂಡು ಕೊನೆಯ ಸಾಲನ್ನು ಬಹಳ ಹೊತ್ತು ನೋಡಿದಳು. ಒಂದು ಕ್ಷಣ ಅದನ್ನು ಅಳಿಸುತ್ತಾಳೆ ಎನಿಸಿತು. ನಂತರ ತಾನೇ ಹೆಬ್ಬೆರಳಿನಿಂದ ಒತ್ತಿ ಕಳಿಸಿದಳು.

ಗೀರು ಬಿದ್ದ ಟೀವಿಗೆ ಹುಡುಗ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತಿಕೊಟ್ಟ. ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಡೋಬಾಶಿ ಯಂತ್ರ ಬಿಚ್ಚಿಕೊಂಡು ಮೆಟ್ಟಿಲ ಹತ್ತಿರ ಹೋಗಿದ್ದ. ತಮಾಕಿ ನನಗಾಗಿ ನಿಂತಿದ್ದಳು, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳು," ಎಂದಳು. "ಸುಮ್ನಿರೋಣ ಅಂತ ಅನ್ನಿಸ್ಲಿಲ್ವಾ ನಿನಗೆ?"

"ಅನ್ನಿಸ್ತು. ಚೀಲಕ್ಕೆ ಕೈ ಹಾಕೋವರೆಗೂ ಅನ್ನಿಸ್ತಿತ್ತು."

"ಸ್ವಲ್ಪ ನಿಧಾನವಾಗಿ ಹೇಳ್ಬಹುದಿತ್ತು. ನನ್ ಹೆಸರು ಕೊನೇ ಜಾಗದಲ್ಲಿ ಬರೆದಿದ್ದನ್ನ ಒಂದ್ಸಲ ನೋಡ್ತಿದ್ದೆ."

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಚೀಲವನ್ನು ನನ್ನ ಹೆಗಲಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲು ಇಳಿಯುತ್ತಲೇ ಡೋಬಾಶಿಯ ಜೊತೆ ಜಗಳ ಶುರುಮಾಡಿದಳು. ನುಗ್ಗುವ ದಾರಿಯಲ್ಲಿ ಅವನು ಕಾಲು ಚಾಚಿದ್ದನ್ನು ದಾಟುವುದು ಹೇಗೆ ಎಂಬುದು ಜಗಳದ ವಿಷಯ. ನಾನು ಟೀವಿಯನ್ನು ಎದೆಗೊತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದೆ.

"ಬೇಗ ಬಾ ಕುನಿ!" ಎಂದು ಕೆಳಗಿನಿಂದ ಕೂಗಿದಳು. "ರೈಲಲ್ಲಿ ಜನ ತುಂಬಿದ್ರೆ ಅದನ್ನ ಇಟ್ಕೊಳ್ಳೋಕೆ ಜಾಗ ಇರಲ್ಲ. ಊಟ ಆಮೇಲೆ. ಮೊದ್ಲು ಅದನ್ನ ಜೋಡ್ಸು."